ಕರಡಿಗೆ ಯಾವ ವಾದ್ಯ?

ಹೋದ ಚಳಿಗಾಲದಲ್ಲಿ ಅಕ್ಕನ ಮಗನನ್ನು ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋಗಿದ್ದರು. ಎದುರಿನ ಗೋಪುರದಲ್ಲಿ ಅರ್ಧ ಗಂಟೆ ಕೂತರೂ ಒಂದು ಕರಡಿಯೂ ಇಲ್ಲ. ಹುಡುಗನಿಗೆ ಬೇಜಾರಾಯಿತು. ಮೊಬೈಲ್ ತೆಗೆದು 'ಜಂಗಲ್ ಬುಕ್' ಸಿನಿಮಾದ ಮ್ಯೂಸಿಕ್ ಹಾಕಿದ. ಪಿಟೀಲುಗಳೆಲ್ಲ ಒಟ್ಟಿಗೆ ಎದ್ದವು.

"ಏ ತಮ್ಮಾ, ಬಂದ್ ಮಾಡಪಾ. ಬರೋ ಕರಡಿನೂ ವಾಪಸ್ ಹೋಗ್ತಾವು" ಎಂದ ಕಾವಲುಗಾರ.

ಬಂದ್ ಮಾಡಿದ. ಆದರೆ ಬಾಯಿ ಬಂದ್ ಆಗಲಿಲ್ಲ. "ಮಾಮಾ, ಕಾಡಲ್ಲಿ ಇಷ್ಟು ಸೈಲೆಂಟ್ ಇರುತ್ತೆ. ಸಿನಿಮಾ ಕಾಡಲ್ಲಿ ಮಾತ್ರ ಯಾಕೆ ಅಷ್ಟು ಮ್ಯೂಸಿಕ್?"

ಇದೇ ಪ್ರಶ್ನೆ 1930ರ ಸುಮಾರಿಗೆ ಹಾಲಿವುಡ್ಡನ್ನೂ ಕಾಡಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ವಾದ್ಯದವರು ಥಿಯೇಟರಿನಲ್ಲೇ ಕೂತು ನುಡಿಸುತ್ತಿದ್ದರು. ಟಾಕಿ ಬಂದ ಮೇಲೆ ನಿರ್ಮಾಪಕರಿಗೆ ಅನುಮಾನ ಶುರುವಾಯಿತು. ನಡುಕಾಡಿನಲ್ಲಿ ಪಿಟೀಲು ಕೇಳಿಸಿದರೆ, ಅದನ್ನು ಯಾರು ನುಡಿಸ್ತಿದ್ದಾರೆ ಅಂತ ಜನ ಕೇಳಲ್ವಾ? ಹಾಗಾಗಿ ಮೊದಮೊದಲ ಟಾಕಿಗಳಲ್ಲಿ ಹಿನ್ನೆಲೆ ಸಂಗೀತ ಬಹಳ ಕಮ್ಮಿ.

ನಮ್ಮ ಕಡೆಯವರಿಗೆ ಈ ಅನುಮಾನವೇ ವಿಚಿತ್ರ. ಕೊಪ್ಪಳದ ಮೋರನಾಳದಲ್ಲಿ ತೊಗಲುಗೊಂಬೆ ಆಟ ಆಡಿಸಿಕೊಂಡು ಬಂದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಆಟದಲ್ಲಿ ಒಂದು ಪರದೆ, ಹಿಂದೆ ದೀಪ, ಜೊತೆಗೆ ತಾಳ, ಹಾಡು. ಪರದೆ ಮೇಲಿನ ಕಾಡಿನಲ್ಲಿ ರಾಮ ನಡೆಯುವಾಗ ತಾಳ ಎಲ್ಲಿಂದ ಬಂತು ಅಂತ ಯಾವ ಅಜ್ಜಿಯೂ ಕೇಳಿದ್ದಿಲ್ಲ.

ಹಾಲಿವುಡ್ಡಿನ ಅನುಮಾನ ಬಿಡಿಸಿದ್ದೂ ಒಂದು ಗೊಂಬೆಯೇ. 1933ರ 'ಕಿಂಗ್ ಕಾಂಗ್' ಚಿತ್ರದ ದೈತ್ಯ ಗೊರಿಲ್ಲಾ ಅಸಲಿಗೆ ಮೊಲದ ಚರ್ಮ ಹೊದಿಸಿದ ಒಂದೂವರೆ ಅಡಿಯ ಬೊಂಬೆ. ಅದನ್ನು ನೋಡಿ ಜನ ನಕ್ಕುಬಿಟ್ಟರೆ? ಹೆದರಿಸುವ ಕೆಲಸ ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್ ಅವರ ಪಾಲಿಗೆ ಬಂತು. ಅವರು ಹೂಡಿದ ಉಪಾಯ ನೋಡಿ. ಟೈಟಲ್ ಮುಗಿದ ಮೇಲೆ ಎಷ್ಟೋ ಹೊತ್ತು ಸಂಗೀತವೇ ಇಲ್ಲ. ನ್ಯೂಯಾರ್ಕ್, ಹಡಗು, ಸಮುದ್ರ ಎಲ್ಲ ಬರೀ ಮಾತಿನಲ್ಲೇ ಸಾಗುತ್ತವೆ. ಹಡಗು ಮಂಜಿನೊಳಗೆ ನುಗ್ಗಿ ದ್ವೀಪದ ಹತ್ತಿರ ಬಂದಾಗ ಮೆಲ್ಲಗೆ ವಾದ್ಯಗಳು ಶುರುವಾಗುತ್ತವೆ. ಊರು ಮುಗೀತು, ಕಾಡು ಬಂತು ಅಂತ ಕಿವಿಗೆ ಮೊದಲು ಗೊತ್ತಾಗುತ್ತದೆ. ಸಾಹಸ ಚಿತ್ರಗಳು ಇವತ್ತಿಗೂ ಇದನ್ನೇ ಮಾಡುತ್ತಿವೆ.

ಚಿತ್ರಕ್ಕೆ ತಾಳ ಕೂಡಿಸುವುದಕ್ಕೆ ಲೆಕ್ಕವೂ ಬೇಕು. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚೌಕ ಓಡುತ್ತವೆ. ಪ್ರತಿ 12 ಚೌಕಕ್ಕೊಂದು ತೂತು ಹೊಡೆದರೆ ಅರ್ಧ ಸೆಕೆಂಡಿಗೊಮ್ಮೆ 'ಟಿಕ್'. ಆ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ನುಡಿಸಿದರೆ, ಹುಲಿ ನೆಗೆಯುವ ಚೌಕಕ್ಕೇ ಡೋಲಿನ ಪೆಟ್ಟು ಬೀಳುತ್ತದೆ. ಇದಕ್ಕೆ ಕ್ಲಿಕ್ ಟ್ರ್ಯಾಕ್ ಎನ್ನುತ್ತಾರೆ.

ಇನ್ನು ನಮ್ಮ ಹುಡುಗನ ಜಂಗಲ್ ಬುಕ್. 1894ರ ಈ ಪುಸ್ತಕದ ಕಾಡು ಮಧ್ಯಪ್ರದೇಶದ ಸಿವನಿ ಕಡೆಯದು. 1942ರಲ್ಲಿ ಚಿತ್ರ ಮಾಡಿದ ಕೋರ್ಡಾ ಸಹೋದರರು ಹಂಗೇರಿಯವರು. ಶೂಟಿಂಗ್ ಆಗಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಮೋಗ್ಲಿಯಾಗಿ ನಟಿಸಿದವನು ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. ಸಂಗೀತ ಬುಡಾಪೆಸ್ಟಿನಲ್ಲಿ ಹುಟ್ಟಿದ ಮಿಕ್ಲೋಶ್ ರೋಜಾ ಅವರದು. ಚಿಕ್ಕಂದಿನಲ್ಲಿ ಹಂಗೇರಿಯ ಹಳ್ಳಿ ಹಾಡು ಕೇಳುತ್ತ ಬೆಳೆದವರು. ಹಾಗಾಗಿ ಆ ಸಂಗೀತದಲ್ಲಿ ಸಿವನಿಯನ್ನು ಹುಡುಕಬೇಡಿ. ನನ್ನ ಕಿವಿಗಂತೂ ಹಂಗೇರಿಯೇ ಜಾಸ್ತಿ ಕೇಳಿಸುತ್ತದೆ. ಆದರೂ ಕಾಡು ಅನ್ನಿಸುತ್ತದೆ. ಅದೇ ಮಜಾ.

ರೋಜಾ ಅವರ ಈ ಸಂಗೀತ ಆಸ್ಕರ್ ನಾಮನಿರ್ದೇಶನ ಪಡೆಯಿತು. ಆಮೇಲೆ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಾಗಿ ಅಂಗಡಿಗೂ ಬಂತು. ಹಾಲಿವುಡ್ ಚಿತ್ರದ ಹಿನ್ನೆಲೆ ಸಂಗೀತ ಪೂರ್ತಿ ವಾದ್ಯವೃಂದದೊಡನೆ ಹೀಗೆ ಮಾರಾಟಕ್ಕೆ ಬಂದಿದ್ದು ಇದೇ ಮೊದಲು ಎನ್ನುತ್ತಾರೆ. ಆ ತಟ್ಟೆಗಳಲ್ಲಿ ಸಂಗೀತದ ಜೊತೆ ಕಥೆ ಹೇಳಿದವನು ಸಾಬು. ಒಂದೊಂದು ಪ್ರಾಣಿಗೂ ಅದರದೇ ಧ್ವನಿ. ರಷ್ಯಾದ ಸಂಗೀತಗಾರ ಪ್ರೊಕೋಫಿಯೆವ್ 1936ರಲ್ಲಿ ಮಕ್ಕಳಿಗೆಂದು ಬರೆದ 'ಪೀಟರ್ ಮತ್ತು ತೋಳ'ದಲ್ಲೂ ಹೀಗೇ: ಹಕ್ಕಿಗೆ ಕೊಳಲು, ಬೆಕ್ಕಿಗೆ ಕ್ಲಾರಿನೆಟ್, ತೋಳಕ್ಕೆ ಮೂರು ಹಾರ್ನ್ (ಹಿತ್ತಾಳೆ ಕಹಳೆ). ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷವಷ್ಟೇ. ಕಥೆ ರಂಗೇರುವಾಗ ಎದ್ದು ಮಗ್ಗುಲು ಬದಲಿಸಬೇಕಿತ್ತು!

1967ರ ಕಾರ್ಟೂನ್ ಚಿತ್ರದ ಹೊತ್ತಿಗೆ ಹಾಡು, ಜಾಝ್ ಮುಂದೆ ಬಂದವು. ಕರಡಿ ಕುಣಿಯಿತು. 2016ರ ಚಿತ್ರದಲ್ಲಿ ಜಾನ್ ಡೆಬ್ನಿ ದೊಡ್ಡ ವಾದ್ಯವೃಂದವನ್ನೇ ಕೂರಿಸಿದರು. ಹುಡುಗ ಗೋಪುರದ ಮೇಲೆ ಹಾಕಿದ್ದು ಅದನ್ನೇ.

ಇಷ್ಟನ್ನೂ ಪಿಸುಮಾತಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಂಡೆ ಸಂದಿಯಿಂದ ಕಪ್ಪಗೆ ಒಂದು ಮುದ್ದೆ ಇಳಿಯಿತು. ಹಿಂದೆ ಇನ್ನೊಂದು. ಬೆನ್ನ ಮೇಲೆ ಮರಿ. ಸದ್ದಿಲ್ಲ. ಈ ಕರಡಿಗೆ ಮೇಲಿನ ಸಾಲಿನ ನಡುವೆ ಎರಡು ಹಲ್ಲೇ ಇರುವುದಿಲ್ಲ. ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿ, ತುಟಿ ಚಾಚಿ, ಆ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದಂತೆ.

"ಆ ಸದ್ದಿಗೆ ಯಾವ ವಾದ್ಯ ಮಾಮಾ?"

ನಾನು ಯೋಚಿಸುತ್ತಿದ್ದೆ. ಕಾವಲುಗಾರನೇ ಹೇಳಿದ: "ನೀರು ಬತ್ತಿದ ಬೋರು ಗಾಳಿ ಎಳೀತೈತಲ್ಲ, ಹಂಗ."