ಹೆಪ್ಪು ಮೊದಲೋ, ಹೃದಯಾಘಾತ ಮೊದಲೋ? ಔಷಧಿಯನ್ನು ತಡವಾಗಿಸಿದ ಒಂದು ಹಳೇ ವಾದ

2025ರ ಜೂನ್–ಜುಲೈನಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳ್ಳಂಬೆಳಿಗ್ಗೆಯೇ ಜನ ಸಾಲುಗಟ್ಟಿದರು. ರಕ್ತ ತೆಳು ಮಾಡುವ ಮಾತ್ರೆ ನುಂಗಿದರೆ ಹೆಪ್ಪು ಕರಗುತ್ತದೆ, ಭಯವಿಲ್ಲ ಎಂಬ ಮಾತೂ ಓಡಾಡುತ್ತಿರುತ್ತದೆ. ಹೆಪ್ಪುಗಟ್ಟದಂತೆ ತಡೆಯುವುದು ಬೇರೆ, ಕಟ್ಟಿದ ಹೆಪ್ಪನ್ನು ಕರಗಿಸುವುದು ಬೇರೆ. ಈ ವ್ಯತ್ಯಾಸ ವೈದ್ಯಲೋಕಕ್ಕೆ ದಕ್ಕುವುದಕ್ಕೂ ಬಹಳ ವರ್ಷ ಹಿಡಿಯಿತು.

ರಕ್ತನಾಳದ ಒಳಗೋಡೆಗೆ ಗಾಯವಾದರೆ ಮೊದಲು ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುತ್ತವೆ. ಅಷ್ಟರಲ್ಲಿ ರಕ್ತದ ಪ್ರೋಟೀನುಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗಿ, ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ ತಯಾರಾಗುತ್ತದೆ. ರಕ್ತದಲ್ಲಿ ಕರಗಿದ್ದ ಫೈಬ್ರಿನೋಜನ್ ಅನ್ನು ಅದು ಫೈಬ್ರಿನ್ ಎಳೆಗಳನ್ನಾಗಿ ಮಾಡುತ್ತದೆ. ಈ ಎಳೆಗಳ ಬಲೆಯೇ ಹೆಪ್ಪು. ಸೊಗಸಿನ ಸಂಗತಿ ಏನೆಂದರೆ, ಬಲೆ ಹೆಣೆಯುವಾಗಲೇ ಅದರೊಳಗೆ ಪ್ಲಾಸ್ಮಿನೋಜನ್ ಎಂಬ ಪ್ರೋಟೀನೂ ಸೇರಿಕೊಂಡಿರುತ್ತದೆ. ಮುಂದೆ ನಾಳದ ಗೋಡೆ ಟಿಪಿಎ ಎಂಬ ಕಿಣ್ವ ಬಿಡುತ್ತದೆ, ಪ್ಲಾಸ್ಮಿನೋಜನ್ ಪ್ಲಾಸ್ಮಿನ್ ಆಗುತ್ತದೆ, ಫೈಬ್ರಿನ್ ಎಳೆಗಳು ತುಂಡಾಗುತ್ತವೆ. ಹೆಪ್ಪು ಕಟ್ಟುವ ದೇಹವೇ ಅದನ್ನು ಬಿಚ್ಚುವ ಏರ್ಪಾಡನ್ನೂ ಒಳಗೇ ಇಟ್ಟಿರುತ್ತದೆ.

ರಕ್ತ ತೆಳು ಮಾಡುತ್ತವೆ ಎನ್ನುವ ಔಷಧಿಗಳಲ್ಲಿ ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ ನೋಡಿಕೊಳ್ಳುತ್ತದೆ. ಹೆಪಾರಿನ್, ವಾರ್ಫರಿನ್ ಹೊಸ ಫೈಬ್ರಿನ್ ಹುಟ್ಟುವುದನ್ನು ತಡೆಯುತ್ತವೆ. ಆಗಲೇ ಕಟ್ಟಿದ ಬಲೆಯನ್ನು ಇವುಗಳಲ್ಲಿ ಯಾವುದೂ ಕತ್ತರಿಸುವುದಿಲ್ಲ.

ಹೆಪ್ಪುಗಟ್ಟುವ ಅರ್ಧ ಕಥೆ ಬೇಗ ಬಿಡಿಸಿಕೊಂಡಿತು: 1856ರಲ್ಲಿ ನಾಳದೊಳಗೆ ಹೆಪ್ಪುಗಟ್ಟುವುದರ ಬಗ್ಗೆ ಜರ್ಮನಿಯ ವೈದ್ಯ ವಿರ್ಕೊ ಬರೆದದ್ದು, 1905ರಲ್ಲಿ ಹೆಪ್ಪುಗಟ್ಟುವ ಬಗೆಯನ್ನು ಮೊರಾವಿಟ್ಜ್ ವಿವರಿಸಿದ್ದು, 1916ರಲ್ಲಿ ಹೆಪಾರಿನ್, 1954ರಲ್ಲಿ ಮನುಷ್ಯರಿಗೆ ವಾರ್ಫರಿನ್, 1964ರಲ್ಲಿ ಇಡೀ ಸರಪಳಿಯ ನಕ್ಷೆ. ಕರಗುವ ಅರ್ಧ ಮಾತ್ರ ಹಿಂದೆ ಉಳಿಯಿತು.

ಸುಳಿವುಗಳೇನೋ ಇದ್ದವು. ಮಾಸ್ಕೋದ ಸರ್ಜನ್ ಸೆರ್ಗೈ ಯೂದಿನ್ 1930ರಲ್ಲಿ ಸತ್ತವರ ರಕ್ತವನ್ನು ರೋಗಿಗಳಿಗೆ ಕೊಡಲು ಶುರುಮಾಡಿದರು. ದಿಢೀರ್ ಸತ್ತವರ ರಕ್ತ ಹೆಪ್ಪುಗಟ್ಟಿದರೂ ಮತ್ತೆ ನೀರಾಗುತ್ತಿತ್ತು. 1933ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಟಿಲ್ಲೆಟ್ ಮತ್ತು ಆರ್. ಎಲ್. ಗಾರ್ನರ್ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ಮನುಷ್ಯರ ಪ್ಲಾಸ್ಮಾಗೆ (ರಕ್ತದ ದ್ರವಭಾಗ) ಸೇರಿಸಿ, ಹೆಪ್ಪುಗಟ್ಟುವುದು ನಿಲ್ಲುತ್ತದಾ ಎಂದು ನೋಡಿದರು. ನಿಲ್ಲಲಿಲ್ಲ. ಎಲ್ಲ ಟ್ಯೂಬಿನಲ್ಲೂ ಗಟ್ಟಿಯಾಯಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬ್ಯಾಕ್ಟೀರಿಯಾ ಇದ್ದ ಟ್ಯೂಬುಗಳಲ್ಲಿ ಹೆಪ್ಪೇ ಇಲ್ಲ, ಮತ್ತೆ ದ್ರವ. ಮುಂದೆ ಸ್ಟ್ರೆಪ್ಟೊಕೈನೇಸ್ ಎಂದು ಹೆಸರಾದ ವಸ್ತುವಿನ ಕೆಲಸ ಅದು. ಅದು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ನಮ್ಮ ಪ್ಲಾಸ್ಮಿನೋಜನ್ ಜೊತೆ ಕೂಡಿ ಅದನ್ನೇ ಕೆಲಸಕ್ಕೆ ಹಚ್ಚುತ್ತದೆ.

1958ರಲ್ಲಿ ಅಮೆರಿಕದ ವೈದ್ಯ ಸಾಲ್ ಶೆರಿ ಮತ್ತು ಜೊತೆಗಾರರು ಸ್ಟ್ರೆಪ್ಟೊಕೈನೇಸನ್ನು ಹೃದಯಾಘಾತದ ರೋಗಿಗಳಿಗೆ ಕೊಟ್ಟು ನೋಡಿದ್ದರು. ಹಾಗಿದ್ದರೆ ಅಲ್ಲಿಂದಲೇ ದಾರಿ ತೆರೆಯಬೇಕಿತ್ತು, ಅಲ್ವಾ? ತೆರೆಯಲಿಲ್ಲ. ಹೃದಯದ ನಾಳದಲ್ಲಿ ಹೆಪ್ಪುಗಟ್ಟುವುದರ ಬಗ್ಗೆ ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ 1912ರಲ್ಲೇ ಬರೆದಿದ್ದರು. ಆದರೆ ಸತ್ತವರ ಹೃದಯ ಪರೀಕ್ಷಿಸಿದ ತಜ್ಞರಿಗೆ ಎಷ್ಟೋ ಸಲ ಹೆಪ್ಪು ಸಿಗುತ್ತಲೇ ಇರಲಿಲ್ಲ. ಹೃದಯದ ಸ್ನಾಯು ಸತ್ತ ಮೇಲೆ ಹೆಪ್ಪುಗಟ್ಟುತ್ತದೆ, ಅದು ಕಾರಣವಲ್ಲ, ಪರಿಣಾಮ ಎಂಬ ವಾದ 70ರ ದಶಕದಲ್ಲಿ ಗಟ್ಟಿಯಾಯಿತು. ಹೆಪ್ಪು ಕಾರಣವೇ ಅಲ್ಲದಿದ್ದರೆ ಅದನ್ನು ಕರಗಿಸಿ ಏನು ಉಪಯೋಗ?

ಈ ವಾದ ಮುರಿದದ್ದು 1980ರಲ್ಲಿ. ಅಮೆರಿಕದ ಸ್ಪೋಕೇನ್ ಊರಿನ ಮಾರ್ಕಸ್ ಡಿವುಡ್ ತಂಡ ಹೃದಯಾಘಾತ ನಡೆಯುತ್ತಿರುವಾಗಲೇ ಆಂಜಿಯೋಗ್ರಾಮ್ (ನಾಳದ ಎಕ್ಸ್‌ರೇ ಚಿತ್ರ) ಮಾಡಿತು. ಆಗಿನ ಕಾಲಕ್ಕೆ ಅದು ಎದೆಗಾರಿಕೆಯ ಕೆಲಸ. ನೋವು ಶುರುವಾದ 4 ಗಂಟೆಯೊಳಗೆ ನೋಡಿದವರಲ್ಲಿ ನೂರಕ್ಕೆ 87 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. 12ರಿಂದ 24 ಗಂಟೆ ಕಳೆದು ನೋಡಿದರೆ 65. ಹೊತ್ತು ಕಳೆದಂತೆ ಕೆಲವರಲ್ಲಿ ದೇಹವೇ ಹೆಪ್ಪನ್ನು ಬಿಡಿಸಿಕೊಳ್ಳುತ್ತಿತ್ತು. ತಡವಾಗಿ ನೋಡಿದವರಿಗೆ ಅದು ಕಾಣದೆ ಹೋದದ್ದಕ್ಕೆ ಇದೂ ಒಂದು ಕಾರಣ.

1986ರಲ್ಲಿ ಇಟಲಿಯ ಗಿಸ್ಸಿ ಪ್ರಯೋಗ 11,806 ರೋಗಿಗಳಲ್ಲಿ ಸ್ಟ್ರೆಪ್ಟೊಕೈನೇಸ್ ಜೀವ ಉಳಿಸುತ್ತದೆ ಎಂದು ತೋರಿಸಿತು. ಮೊದಲ ಒಂದು ಗಂಟೆಯೊಳಗೆ ಸಿಕ್ಕವರಲ್ಲಿ ಸಾವು ಸುಮಾರು ಅರ್ಧದಷ್ಟು ಕಡಿಮೆ. 1988ರ ಐಸಿಸ್-2 ಎಂಬ ಪ್ರಯೋಗದಲ್ಲಿ ಅದನ್ನು ಆಸ್ಪಿರಿನ್ ಜೊತೆ ಕೊಟ್ಟಾಗ ಸಾವು ನೂರಕ್ಕೆ 42ರಷ್ಟು ತಗ್ಗಿತು. 1992ರಲ್ಲಿ ಹಳೆಯ ಸಣ್ಣ ಪ್ರಯೋಗಗಳ ಲೆಕ್ಕವನ್ನೆಲ್ಲ ಕೂಡಿಸಿ ನೋಡಿದಾಗ ಕಂಡದ್ದು ಹೊಟ್ಟೆ ಉರಿಯುವ ಮಾತು. 1973ರ ಹೊತ್ತಿಗೇ, ಬರೀ ಎಂಟು ಪ್ರಯೋಗಗಳಲ್ಲಿ, ಉತ್ತರ ಸಿಕ್ಕಿತ್ತು. ಒಟ್ಟಿಗಿಟ್ಟು ನೋಡುವ ಕೆಲಸ ಆಗಿರಲಿಲ್ಲ, ಅಷ್ಟೇ. ನಡುವಿನ ಆ ವರ್ಷಗಳಲ್ಲಿ ಹೋದ ಜೀವಗಳ ಲೆಕ್ಕ ಯಾರ ಹತ್ತಿರ ಕೇಳುವುದು?

ಆಮೇಲಿನದು ಬೇಗ ನಡೆಯಿತು. 1987ರಲ್ಲಿ ಲ್ಯಾಬಿನಲ್ಲಿ ತಯಾರಿಸಿದ ಟಿಪಿಎಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 1995ರಿಂದ ಪಾರ್ಶ್ವವಾಯುವಿಗೂ ಅದರ ದಾರಿ ತೆರೆಯಿತು. ಟಿಪಿಎಯನ್ನೇ ಮಾರ್ಪಡಿಸಿ 2000ದಲ್ಲಿ ಬಂದ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನಿಗೆ ಗಂಟೆಗಟ್ಟಲೆ ಡ್ರಿಪ್ ಬೇಡ. ರೋಗಿಯ ತೂಕ ನೋಡಿ ಒಂದೇ ಸಲ ಕೊಟ್ಟರೆ ಸಾಕು. ಸಣ್ಣ ಆಸ್ಪತ್ರೆಗೆ ಹೇಳಿ ಮಾಡಿಸಿದಂಥ ಔಷಧಿ.

ಆದರೂ ನಮ್ಮ ಕರ್ನಾಟಕದಲ್ಲಿ ಅದು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಲು ಮತ್ತೆ ಎರಡು ದಶಕ ದಾಟಬೇಕಾಯಿತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ನೋಡುತ್ತಾರೆ. ಬೇಕೆಂದರೆ ಅಲ್ಲೇ ಇಂಜೆಕ್ಷನ್. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಆ ರಸ್ತೆಯಲ್ಲಿ ಆಂಬ್ಯುಲೆನ್ಸ್ ಹತ್ತಿದವರಿಗೆ ಮೊದಲ ಒಂದು ಗಂಟೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಈ ಇಂಜೆಕ್ಷನ್ ಎಲ್ಲರಿಗೂ ಆಗಿಬರುವುದಿಲ್ಲ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದವರಿಗೆ, ಈಚೆಗೆ ದೊಡ್ಡ ಆಪರೇಷನ್ ಆದವರಿಗೆ ಅಪಾಯ ಜಾಸ್ತಿ. ಎದೆನೋವೆಲ್ಲಕ್ಕೂ ಇದೇ ಮದ್ದಲ್ಲ, ಇಸಿಜಿ ನೋಡಿಯೇ ಕೊಡಬೇಕು. ಕೊಟ್ಟ ಮೇಲೂ ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಆಗಬೇಕು. ಇಂಜೆಕ್ಷನ್ ಫೈಬ್ರಿನ್ ಬಲೆಯನ್ನು ಬಿಡಿಸುತ್ತದೆಯೇ ಹೊರತು, ಹೆಪ್ಪಿಗೆ ಕಾರಣವಾದ ನಾಳದ ಗೋಡೆಯ ಕೊಬ್ಬನ್ನು ಕರಗಿಸುವುದಿಲ್ಲ.