ಮೀಡಿಯಂ ಲಿಫ್ಟ್ ಹೆಲಿಕಾಪ್ಟರ್: ನಾಲ್ಕು ಟನ್ ಅಂದರೆ ಎಲ್ಲಿ ನಾಲ್ಕು ಟನ್?

ಸೇನೆಯ ಹೆಲಿಕಾಪ್ಟರ್ ಬಗ್ಗೆ ಸುದ್ದಿ ಬಂದಾಗಲೆಲ್ಲ ‘ಮೀಡಿಯಂ ಲಿಫ್ಟ್’ ಅನ್ನುವ ಮಾತು ಒಂದು ಸಲವಾದರೂ ಬಂದೇ ಬರುತ್ತದೆ. ಓದುವವರು ‘ಓ, ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ’ ಅಂದುಕೊಂಡು ಮುಂದೆ ಹೋಗುತ್ತಾರೆ. ಅಷ್ಟು ಸಾಲದು. ಇದು ಭಾರ ಹೊರುವ ಲೆಕ್ಕ. ಎಷ್ಟು ಎತ್ತರದಲ್ಲಿ, ಎಂಥ ಬಿಸಿಲಿನಲ್ಲಿ, ಎಷ್ಟು ದೂರಕ್ಕೆ ಹಾರಬೇಕು ಅನ್ನುವುದರ ಮೇಲೆ ಆ ಲೆಕ್ಕ ಬದಲಾಗುತ್ತಲೇ ಇರುತ್ತದೆ.

ಇಷ್ಟರಿಂದ ಇಷ್ಟು ಟನ್ ಅಂತ ಜಗತ್ತೆಲ್ಲ ಒಪ್ಪಿದ ಗೆರೆ ಯಾವುದೂ ಇಲ್ಲ. ನಮ್ಮ ಸೇನೆಗಳ ಹೆಲಿಕಾಪ್ಟರುಗಳನ್ನೇ ಸಾಲಾಗಿ ನಿಲ್ಲಿಸಿ ನೋಡಿದರೆ ಅಂದಾಜು ಸಿಗುತ್ತದೆ. ಚೀತಾದ ಗರಿಷ್ಠ ಟೇಕಾಫ್ ತೂಕ, ಅಂದರೆ ತನ್ನ ತೂಕ, ಇಂಧನ, ಜನ, ಸಾಮಾನು ಎಲ್ಲ ಸೇರಿ ಮೇಲೇಳಬಲ್ಲ ಒಟ್ಟು ತೂಕ, ಎರಡು ಟನ್‌ಗಿಂತ ಸ್ವಲ್ಪ ಕಡಿಮೆ. ಎಚ್‌ಎಎಲ್‌ನ ಧ್ರುವ 5.5 ಟನ್. ಆಚೆ ತುದಿಯಲ್ಲಿ ಚಿನೂಕ್, 22 ಟನ್‌ಗೂ ಜಾಸ್ತಿ. ನಡುವೆ ನಿಲ್ಲುವುದು ರಷ್ಯಾದ ಎಂಐ-17 ವಿ5, 13 ಟನ್. ಮೀಡಿಯಂ ಲಿಫ್ಟ್ ಅಂದಾಗ ನಮ್ಮ ವಾಯುಪಡೆಯವರ ತಲೆಯಲ್ಲಿ ಮೊದಲು ಬರುವುದು ಇದೇ.

1961ರಲ್ಲಿ ಮೊದಲು ಹಾರಿದ ಎಂಐ-8ರ ವಂಶದ್ದು ಇದು. ಕಜಾನ್‌ನಲ್ಲಿ ತಯಾರಾಗುತ್ತದೆ. 2008ರಲ್ಲಿ ಭಾರತ 80 ಬೇಕೆಂದು ಒಪ್ಪಂದ ಮಾಡಿಕೊಂಡಿತು, ಆಮೇಲೆ ಸೇರಿಸುತ್ತಾ ಹೋಗಿ ಒಟ್ಟು 151 ಆಯಿತು. ಜನಸಾಮಾನ್ಯರಿಗೆ ಈ ಹೆಸರು ಗೊತ್ತಾಗಿದ್ದು ಮಾತ್ರ ಕೆಟ್ಟ ದಿನದಂದು. 2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಬಿತ್ತಲ್ಲ, ಅದು ಇದೇ ಮಾದರಿ. ಯಂತ್ರದ ದೋಷ ಅಲ್ಲ, ಹವಾಮಾನ ಇದ್ದಕ್ಕಿದ್ದಂತೆ ಬದಲಾಗಿ ಮೋಡದೊಳಗೆ ಹೊಕ್ಕು ದಿಕ್ಕು ತಪ್ಪಿತು ಅಂತ ತನಿಖೆ ಹೇಳಿತು.

ಈಗ ಲೆಕ್ಕಕ್ಕೆ ಬರೋಣ. ಈ ಹೆಲಿಕಾಪ್ಟರ್ 4,000 ಕೆಜಿ ಹೊರುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸುಳ್ಳಲ್ಲ. ಆದರೆ ಖಾಲಿ ತೂಕವೇ ಏಳೂವರೆ ಟನ್ ಹತ್ತಿರ. 13ರಲ್ಲಿ ಅದನ್ನು ಕಳೆದರೆ ಉಳಿಯುವುದು ಐದೂವರೆ ಟನ್. ಸಿಬ್ಬಂದಿ, ಇಂಧನ, ಸಾಮಾನು ಎಲ್ಲ ಅದರೊಳಗೇ ಹಿಡಿಸಬೇಕು. ನಾಲ್ಕು ಟನ್ ಸಾಮಾನನ್ನೇ ತುಂಬಿದರೆ ಇಂಧನಕ್ಕೆ ಉಳಿಯುವುದು ಒಂದೂವರೆ ಟನ್‌ಗೂ ಕಡಿಮೆ, ಅಂದರೆ ಟ್ಯಾಂಕ್ ಪೂರ್ತಿ ತುಂಬುವ ಹಾಗಿಲ್ಲ. ಟ್ಯಾಂಕ್ ತುಂಬಿಸಿ ದೂರ ಹೋಗಬೇಕೆಂದರೆ ಸಾಮಾನು ಇಳಿಸಬೇಕು. ಭಾರವೂ ಪೂರ್ತಿ, ದೂರವೂ ಪೂರ್ತಿ ಅನ್ನುವುದು ಯಾವ ಹೆಲಿಕಾಪ್ಟರಿನಲ್ಲೂ ಆಗುವ ಮಾತಲ್ಲ.

ಸಾಮಾನು ಒಳಗೇ ಇರಬೇಕು ಅಂತೇನೂ ಇಲ್ಲ. ಹೊಟ್ಟೆಯ ಕೆಳಗೆ ಕೊಂಡಿ ಇರುತ್ತದೆ, ಹಗ್ಗ ಕಟ್ಟಿ ತೂಗುಹಾಕಿಕೊಂಡು ಹಾರಬಹುದು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ ಇಳಿಬಿಟ್ಟು ನೀರು ಸುರಿದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ‘ಬ್ಯಾಂಬಿ ಬಕೆಟ್’ ಅಂತಾರೆ ಅದಕ್ಕೆ. ಎಂಐ-17ಕ್ಕೆ ಕಟ್ಟುವ ಬಕೆಟ್ಟಿನಲ್ಲಿ ಸುಮಾರು ಮೂರೂವರೆ ಸಾವಿರ ಲೀಟರ್ ನೀರು ಹಿಡಿಯುತ್ತದೆ, ಅಂದರೆ ಮೂರೂವರೆ ಟನ್. ಅಷ್ಟು ಭಾರ ಕೆಳಗೆ ಓಲಾಡುತ್ತಿರುವಾಗ ಹೆಲಿಕಾಪ್ಟರನ್ನು ಅಲುಗದಂತೆ ಹಿಡಿದಿಡುವುದು ಪೈಲಟ್‌ಗೆ ಸಣ್ಣ ಕೆಲಸವಲ್ಲ.

ನಿಜವಾದ ಪರೀಕ್ಷೆ ಇರುವುದು ಬೆಟ್ಟದಲ್ಲಿ. ರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದಲೇ ಹೆಲಿಕಾಪ್ಟರ್ ಮೇಲೇಳುವುದು. ಮೇಲೆ ಹೋದಂತೆ ತಳ್ಳಲು ಗಾಳಿಯೇ ಕಮ್ಮಿ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಮುಕ್ಕಾಲು ಪಾಲಿನಷ್ಟು, 5,000 ಮೀಟರ್‌ನಲ್ಲಿ ನೂರಕ್ಕೆ 60ರಷ್ಟು. ಇಂಜಿನ್ ಕೂಡ ಅದೇ ತೆಳು ಗಾಳಿಯನ್ನು ಎಳೆದುಕೊಂಡು ಕೆಲಸ ಮಾಡಬೇಕು, ಹಾಗಾಗಿ ಹೊಡೆತ ಎರಡು ಕಡೆಯಿಂದ. ಬಿಸಿಲು ಏರಿದರೆ ಗಾಳಿ ಇನ್ನೂ ತೆಳುವಾಗುತ್ತದೆ. ಬೆಟ್ಟದ ಕಡೆ ಭಾರದ ಹಾರಾಟಗಳನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಲು ನೋಡುವುದು ಸುಮ್ನೆ ಅಲ್ಲ. ಲೇಹ್ ವಿಮಾನ ನಿಲ್ದಾಣವೇ 3,200 ಮೀಟರ್‌ಗಿಂತ ಮೇಲಿದೆ. ಅಲ್ಲಿಂದ ಇನ್ನೂ ಮೇಲಿನ ಹೆಲಿಪ್ಯಾಡಿಗೆ ಹೋಗುವಾಗ ಆ ನಾಲ್ಕು ಟನ್ ಅನ್ನುವ ಅಂಕಿ ಕಾಗದದಲ್ಲೇ ಉಳಿಯುತ್ತದೆ.

ಒಂದು ವಿಚಿತ್ರ ಗೊತ್ತಾ? ಸಿಯಾಚಿನ್‌ನ ತೀರಾ ಮೇಲಿನ ಠಾಣೆಗಳಿಗೆ ದಶಕಗಳಿಂದ ಸಾಮಾನು ಸಾಗಿಸಿದ್ದು ದೊಡ್ಡ ಹೆಲಿಕಾಪ್ಟರುಗಳಲ್ಲ, ಬೆಂಗಳೂರಿನಲ್ಲಿ ಎಚ್‌ಎಎಲ್ ತಯಾರಿಸಿದ ಪುಟ್ಟ ಚೀತಾ. ಅದರ ಮೂಲ ಫ್ರಾನ್ಸಿನ ಲಾಮಾ. ಅದು 1972ರಲ್ಲೇ 12,442 ಮೀಟರ್ ಏರಿ ದಾಖಲೆ ಮಾಡಿತ್ತು. ಮೈಮೇಲೆ ಭಾರವೇ ಇಲ್ಲ, ಇಂಜಿನ್ ಮಾತ್ರ ಗಟ್ಟಿ. ಆದರೆ ಒಂದು ಸಲಕ್ಕೆ ಅದು ಹೊರುವುದು ತುಂಬಾ ಸ್ವಲ್ಪ. ಬುಡದ ಶಿಬಿರದವರೆಗೆ ಟನ್‌ಗಟ್ಟಲೆ ತಂದು ಹಾಕುವುದು ಎಂಐ-17ರಂಥವು, ಅಲ್ಲಿಂದ ಮೇಲಕ್ಕೆ ಚೂರುಚೂರಾಗಿ ಒಯ್ಯುವುದು ಚೀತಾ.

ವಿ5ರ ಮೈಕಟ್ಟಿನಲ್ಲೂ ಈ ಕೆಲಸದ ಗುರುತು ಕಾಣುತ್ತದೆ. ಇಂಜಿನ್ ಎರಡು, ವಿಕೆ-2500. ಒಂದು ಕೈಕೊಟ್ಟರೆ ಇನ್ನೊಂದು ಸ್ವಲ್ಪ ಹೊತ್ತು ಮಾಮೂಲಿಗಿಂತ ಹೆಚ್ಚು ಶಕ್ತಿ ಕೊಟ್ಟು ಇಳಿಯುವವರೆಗೆ ಕಾಪಾಡುತ್ತದೆ. ಮೇಲೆ ಐದು ರೆಕ್ಕೆಗಳು, ತುದಿಯಿಂದ ತುದಿಗೆ 21 ಮೀಟರ್‌ಗೂ ಹೆಚ್ಚು. ಕಾಕ್‌ಪಿಟ್‌ನ ನೆತ್ತಿಯ ಮೇಲೆ, ಗಾಳಿ ಒಳಹೋಗುವ ಬಾಯಿಗೆ ಅಣಬೆಯಂಥ ಎರಡು ದುಂಡು ಮುಚ್ಚಳ ಕಾಣುತ್ತವೆ, ಫೋಟೋ ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ಅವು. ಒಳಬರುವ ಗಾಳಿಯಿಂದ ಧೂಳು, ಮರಳನ್ನು ಹೊರಕ್ಕೆ ಎಸೆಯುವ ಏರ್ಪಾಡು ಅದು. ಇಲ್ಲದಿದ್ದರೆ ರಾಜಸ್ಥಾನದ ಮರಳಲ್ಲಿ ಇಳಿದು ಎದ್ದು ಮಾಡುವಷ್ಟರಲ್ಲಿ ಇಂಜಿನ್ನಿನ ಗತಿ ಅಷ್ಟೇ.

ಹಿಂದಿನ ಬಾಗಿಲೂ ನೋಡಬೇಕಾದದ್ದೇ. ಹಳೆಯ ಮಾದರಿಗಳಲ್ಲಿ ಎರಡು ಕದ ಅಕ್ಕಪಕ್ಕಕ್ಕೆ ತೆರೆಯುತ್ತಿದ್ದವು. ವಿ5ರಲ್ಲಿ ಅದರ ಬದಲು ಕೆಳಗಿಳಿಯುವ ರ‍್ಯಾಂಪ್ ಇದೆ, ಪೆಟ್ಟಿಗೆಗಳನ್ನು ನೇರ ಒಳಕ್ಕೆ ತಳ್ಳಬಹುದು, ಯೋಧರು ಬೇಗ ಹೊರಬೀಳಬಹುದು. ಮೂತಿ ಡಾಲ್ಫಿನ್ನಿನಂತೆ ಉಬ್ಬಿದೆ, ಹವಾಮಾನ ರೇಡಾರ್ ಇರುವುದು ಅದರೊಳಗೆ. ಬೇಕೆಂದರೆ ಪಕ್ಕದಲ್ಲಿ ರಾಕೆಟ್ ಕಟ್ಟಬಹುದು. ಕ್ಷಿಪಣಿಯನ್ನು ದಾರಿ ತಪ್ಪಿಸಲು ಉರಿಯುವ ಫ್ಲೇರ್‌ಗಳೂ ಇವೆ. ಅವು ಎಷ್ಟು ಮುಖ್ಯ ಅನ್ನುವುದು ಕಾರ್ಗಿಲ್‌ನಲ್ಲಿ ಗೊತ್ತಾಯಿತು. 1999ರ ಮೇ 28ರಂದು ತೋಲೋಲಿಂಗ್ ಬಳಿ ಸ್ಟಿಂಗರ್ ಕ್ಷಿಪಣಿಗೆ ಬಿದ್ದ ಹಳೆಯ ಎಂಐ-17ರಲ್ಲಿ ಫ್ಲೇರ್ ಇರಲಿಲ್ಲ. ಅದರಲ್ಲಿದ್ದ ನಾಲ್ವರೂ ತೀರಿಕೊಂಡರು.

ಎಂಐ-17ರ ಜಾಗಕ್ಕೆ ಮುಂದೆ ಬರಬೇಕಾದದ್ದು ಐಎಂಆರ್‌ಎಚ್ (ಇಂಡಿಯನ್ ಮಲ್ಟಿ ರೋಲ್ ಹೆಲಿಕಾಪ್ಟರ್), ಎಚ್‌ಎಎಲ್ ಬೆಂಗಳೂರಿನಲ್ಲಿ ರೂಪಿಸುತ್ತಿರುವ 13 ಟನ್ ವರ್ಗದ ಹೆಲಿಕಾಪ್ಟರ್. 2017ರ ಏರೋ ಇಂಡಿಯಾದಲ್ಲೇ ಅದರ ಮಾದರಿ ತೋರಿಸಿದ್ದರು. ಇದಕ್ಕೆ ‘ಅರಾವಳಿ’ ಅನ್ನುವ ಇಂಜಿನ್ ಹಾಕುತ್ತಾರೆ, ಅದನ್ನು ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಮಾಡುವ ಯೋಜನೆ. ಕಷ್ಟದ ಭಾಗ ಅದೇ, ಯಾಕೆಂದರೆ ಎತ್ತರದಲ್ಲಿ ಎಷ್ಟು ಹೊರುತ್ತದೆ ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇಂಜಿನ್. ನೌಕಾಪಡೆಗೆ ಬೇರೆಯದೇ ಒಂದು ರೂಪ ಇರುತ್ತದೆ, 12.5 ಟನ್‌ನದು. ಹಡಗಿನ ಹ್ಯಾಂಗರ್ ಇಕ್ಕಟ್ಟು ನೋಡಿ, ಅದರೊಳಗೆ ತಳ್ಳಬೇಕಾದರೆ ಅದರ ರೆಕ್ಕೆ ಮಡಚುವಂತಿರಬೇಕು.