ಸಾಮಾನ್ಯ ಬೇರೆ, ಸಹಜ ಬೇರೆ: ಪೆಟ್ರೋಲಿನ ಸೀಸದ ಕಥೆ

1948ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕ್ಲೇರ್ ಪ್ಯಾಟರ್‌ಸನ್ ಎಂಬ ತರುಣ ರಸಾಯನ ವಿಜ್ಞಾನಿಗೆ ಒಂದು ಕೆಲಸ ಒಪ್ಪಿಸಲಾಯಿತು. ಜಿರ್ಕಾನ್ ಎಂಬ ಖನಿಜದ ಪುಟ್ಟ ಹರಳುಗಳಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವುದೇ ಆ ಕೆಲಸ. ಯುರೇನಿಯಂ ನಿಧಾನವಾಗಿ ಕ್ಷಯಿಸಿ ಸೀಸವಾಗುತ್ತದೆ. ಎರಡರ ಲೆಕ್ಕ ಸಿಕ್ಕರೆ ಕಲ್ಲಿನ ವಯಸ್ಸು ಸಿಗುತ್ತದೆ. ಆದರೆ ಅಳೆದಾಗಲೆಲ್ಲ ಸೀಸ ವಿಪರೀತ ಹೆಚ್ಚು ಬರುತ್ತಿತ್ತು. ಅವರು ಗಾಜಿನ ಪಾತ್ರೆಗಳನ್ನು ಆಮ್ಲದಲ್ಲಿ ಕುದಿಸಿದರು, ಕೋಣೆಯನ್ನು ಮತ್ತೆ ಮತ್ತೆ ಒರೆಸಿದರು. ನಲ್ಲಿ ನೀರು, ದೂಳು, ಬಟ್ಟೆ, ತಲೆಗೂದಲು ಎಲ್ಲದರಲ್ಲೂ ಸೀಸವಿತ್ತು. ಮುಂದೆ ಕ್ಯಾಲಿಫೋರ್ನಿಯದ ತಂತ್ರಜ್ಞಾನ ಸಂಸ್ಥೆ ಕ್ಯಾಲ್ಟೆಕ್‌ನಲ್ಲಿ ಹೊರಗಿನ ದೂಳು ಸುಳಿಯದಂಥ ಪ್ರಯೋಗಾಲಯ ಕಟ್ಟಿಕೊಂಡರು. ಭೂಮಿಗೆ ಸುಮಾರು 455 ಕೋಟಿ ವರ್ಷ ಎಂಬ ಅವರ ಲೆಕ್ಕ 1956ರಲ್ಲಿ ಪ್ರಕಟವಾಯಿತು.

ಇಷ್ಟೊಂದು ಸೀಸ ಬಂದದ್ದು ಎಲ್ಲಿಂದ? ಎಂಜಿನ್ನಿನ ಬಡಿತ ತಗ್ಗಿಸಲು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸುವುದು ಒಳ್ಳೆಯದೆಂದು ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಜ್‌ಲಿ 1921ರಲ್ಲಿ ಕಂಡುಕೊಂಡಿದ್ದರು. 1923ರಲ್ಲಿ ಅದು ಮಾರುಕಟ್ಟೆಗೆ ಬಂತು. ಮರುವರ್ಷವೇ ನ್ಯೂಜೆರ್ಸಿಯ ತೈಲ ಘಟಕದಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಆದರೂ ಮಾರಾಟ ಹೆಚ್ಚು ದಿನ ನಿಲ್ಲಲಿಲ್ಲ. ಮನುಷ್ಯನ ಮೈಯಲ್ಲಿ ಸೀಸ ಇರುವುದು ಸಹಜವೆಂದೂ ಒಂದು ಮಿತಿಯೊಳಗೆ ಅದು ನಿರಪಾಯಕಾರಿಯೆಂದೂ ಉದ್ಯಮದ ಹಣದಿಂದ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಕೆಹೊ ದಶಕಗಳ ಕಾಲ ವಾದಿಸಿದರು.

ಪ್ಯಾಟರ್‌ಸನ್ 1965ರಲ್ಲಿ ಈ ವಾದದ ಬುಡಕ್ಕೇ ಕೈಹಾಕಿದರು. ಎಲ್ಲರ ರಕ್ತದಲ್ಲೂ ಸೀಸವಿದ್ದರೆ ಅದು ಸಾಮಾನ್ಯವಾಯಿತು ಅಷ್ಟೆ, ಸಹಜವಾಗಲಿಲ್ಲ ಎಂದರು. ಇಡೀ ವಿವಾದದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಮಾತು ಇದು. ಹೋಲಿಸಿ ನೋಡಲು ಸೀಸ ಸೋಕದ ಒಬ್ಬ ಮನುಷ್ಯನೂ ಉಳಿದಿರಲಿಲ್ಲ. ಅದಕ್ಕೇ ಅವರು ಸಾಕ್ಷ್ಯವನ್ನು ಹಳೆಯ ಹಿಮದಲ್ಲಿ ಹುಡುಕಿದರು. ಗ್ರೀನ್‌ಲ್ಯಾಂಡಿನಲ್ಲಿ ವರ್ಷ ವರ್ಷದ ಹಿಮ ಪದರ ಪದರವಾಗಿ ಕೂತಿರುತ್ತದೆ. 1969ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ವರದಿಯ ಪ್ರಕಾರ, ಕ್ರಿಸ್ತಪೂರ್ವ 800ರ ಹಿಮಕ್ಕಿಂತ 1960ರ ದಶಕದ ಹಿಮದಲ್ಲಿ ಸೀಸ 200 ಪಟ್ಟಿಗೂ ಹೆಚ್ಚು. ಅದು ಕಡಿದಾಗಿ ಏರಿದ್ದು 1940ರ ನಂತರ. ಇಷ್ಟೆಲ್ಲ ಮಾಡಿದವರನ್ನೇ, ಗಾಳಿಯ ಸೀಸ ಕುರಿತು 1971ರಲ್ಲಿ ವರದಿ ಕೊಟ್ಟ ಅಮೆರಿಕದ ತಜ್ಞರ ಸಮಿತಿಯಿಂದ ಹೊರಗಿಟ್ಟಿದ್ದರು. ಅದು ಅನ್ಯಾಯವೇ ಸರಿ.

ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಪರೀಕ್ಷಿಸಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದಿದ್ದರು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲಿಗೆ ಪೂರ್ಣ ನಿಷೇಧ ಬಂದದ್ದು 1996ರ ಜನವರಿಯಲ್ಲಿ. ಪ್ಯಾಟರ್‌ಸನ್ ಅದಕ್ಕೆ ಕೆಲವೇ ವಾರ ಮೊದಲು ತೀರಿಕೊಂಡಿದ್ದರು.

ಸೀಸದ ವಿಷಬಾಧೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಮರುವರ್ಷ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲ್ ಕಡ್ಡಾಯವಾಯಿತು. ಜಗತ್ತಿನಲ್ಲಿ ಕೊನೆಗೆ ಉಳಿದಿದ್ದ ಅಲ್ಜೀರಿಯ 2021ರಲ್ಲಿ ಸೀಸದ ಪೆಟ್ರೋಲಿನ ಮಾರಾಟ ನಿಲ್ಲಿಸಿತು.

ಆದರೆ ಸೀಸ ಕೊಳೆಯುವ ವಸ್ತುವಲ್ಲ. ಮಣ್ಣಿನಲ್ಲಿ ಕೂತು ದೂಳಿನೊಂದಿಗೆ ಮತ್ತೆ ಮೇಲೇಳುತ್ತದೆ. ತೂಕದಲ್ಲಷ್ಟೇ ಬೇರೆಯಾದ ಸೀಸದ ಪರಮಾಣುಗಳ, ಅಂದರೆ ಐಸೊಟೋಪ್‌ಗಳ ಜಾಡು ಹಿಡಿದ ಸಂಶೋಧಕರು ಲಂಡನ್ನಿನ ಗಾಳಿಯಲ್ಲಿ ಹಳೆಯ ಪೆಟ್ರೋಲಿನ ಸೀಸ ಇನ್ನೂ ಇದೆಯೆಂದು 2021ರಲ್ಲಿ ಪ್ರಕಟಿಸಿದರು. ಅಲ್ಲಿನ ಬಂಕುಗಳಲ್ಲಿ ಅದರ ಮಾರಾಟ ನಿಂತು ಆಗಲೇ ಎರಡು ದಶಕ ಕಳೆದಿತ್ತು.